ಬೆಣ್ಣೆ ಯಾವ ಕಡೆಗಿದೆ?

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲಿನಲ್ಲಿ ಜಾಗ ಸಿಗಬೇಕಾದರೆ, ತಿನ್ನುತ್ತಿರುವವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ನಾಚಿಕೆ ಪಟ್ಟರೆ ಹೊಟ್ಟೆಗಿಲ್ಲ. ಹಾಗೆ ನಿಂತಿದ್ದಾಗ ಅಣ್ಣನ ಮಗಳು ಕೇಳಿದಳು:

"ಚಿಕ್ಕಪ್ಪಾ, 'ತನ್ನ ಬ್ರೆಡ್ಡಿನ ಯಾವ ಕಡೆ ಬೆಣ್ಣೆ ಇದೆ ಅಂತ ಅವನಿಗೆ ಗೊತ್ತು' ಅಂದ್ರೇನು? ನಾಳೆ ಇಂಗ್ಲಿಷ್ ಟೆಸ್ಟ್‌ಗಿದೆ."

"ತನಗೆ ಲಾಭ ಯಾರಿಂದ ಅಂತ ಗೊತ್ತಿರೋನು. ಅವರ ಹತ್ತಿರ ಎದುರು ಮಾತಾಡಲ್ಲ."

"ಅದ್ಸರಿ, ಬೆಣ್ಣೆ ಒಂದೇ ಕಡೆನಾ?"

ಈ ಊರಿನ ಹುಡುಗಿಗೆ ಅದು ವಿಚಿತ್ರವೇ. ಇಲ್ಲಿ ಸೌದೆ ಒಲೆಯ ಕಾವಲಿಯ ಮೇಲೆ ದೋಸೆ ಬೆಣ್ಣೆಯಲ್ಲೇ ಬೇಯುತ್ತದೆ. ತಟ್ಟೆಗೆ ಬಂದ ಮೇಲೂ ಮೇಲೊಂದು ಮುದ್ದೆ. ಯಾವ ಕಡೆ ಅಂತ ಹುಡುಕುವ ಕೆಲಸವೇ ಇಲ್ಲ.

ಮಾತೇನೋ ಹಳೆಯದು. ಜಾನ್ ಹೇವುಡ್ ಎಂಬಾತ 1546ರಲ್ಲಿ ಅಚ್ಚು ಹಾಕಿಸಿದ ಗಾದೆಗಳ ಪುಸ್ತಕದಲ್ಲೇ ಇದೆ. ಅದು ಹೊಗಳಿಕೆಯೋ ಬೈಗುಳವೋ ಹೇಳುವವರ ದನಿಯ ಮೇಲೆ ಹೋಗುತ್ತದೆ. ಸಾಹೇಬರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಗುಮಾಸ್ತನಿಗೆ ಅಂದರೆ ಚುಚ್ಚು ಮಾತು. ಆಸ್ತಿ ಇರುವ ಮಾವನನ್ನು ಚೆನ್ನಾಗಿ ನೋಡಿಕೊಳ್ಳುವ ಅಳಿಯನಿಗೆ ಅಂದರೆ "ಜಾಣ ಬಿಡಪ್ಪಾ" ಅಂದ ಹಾಗೆ.

"ಅಂದ್ರೆ ಸರ್‌ಗೆ ಬೆಣ್ಣೆ ಹಚ್ಚೋದು ಅಲ್ವಾ?" ಎಂದಳು.

ಅಲ್ಲ. ನಮ್ಮಲ್ಲಿ ಸಾಹೇಬರಿಗೆ ನಾವು ಬೆಣ್ಣೆ ಹಚ್ಚುತ್ತೇವೆ. ಈ ಇಂಗ್ಲಿಷ್ ಮಾತಿನಲ್ಲಿ ಸಾಹೇಬರೇ ನಮ್ಮ ಬ್ರೆಡ್ಡಿಗೆ ಹಚ್ಚಿರುತ್ತಾರೆ. ಎರಡೂ ಒಂದೇ ಆಫೀಸಿನಲ್ಲಿ ಜೊತೆಜೊತೆಗೆ ನಡೆಯುತ್ತವೆ, ಆ ಮಾತು ಬೇರೆ.

ನನಗೆ ನೆನಪಾಗಿದ್ದು 'ಉಂಡ ಮನೆಗೆ ಎರಡು ಬಗೆಯಬಾರದು' ಅನ್ನೋ ಗಾದೆ. ಆದರೆ ಅದೂ ಪೂರ್ತಿ ಹೊಂದುವುದಿಲ್ಲ. ನಮ್ಮ ಗಾದೆಯವನು ಉಂಡು ಕೈ ತೊಳೆದಿದ್ದಾನೆ, ಋಣ ನೆನೆಯುತ್ತಿದ್ದಾನೆ. ಬ್ರೆಡ್ಡಿನವನು ಇನ್ನೂ ತಿಂದಿಲ್ಲ. ಕೈಯಲ್ಲಿರುವುದು ಜಾರದಿರಲಿ ಅಂತ ನೋಡಿಕೊಳ್ಳುತ್ತಿದ್ದಾನೆ ಅಷ್ಟೇ.

ಅಷ್ಟರಲ್ಲಿ ಜಾಗ ಸಿಕ್ಕಿತು. ದೋಸೆ, ಬಿಳಿ ಆಲೂಗಡ್ಡೆ ಪಲ್ಯ, ತೆಳು ಚಟ್ನಿ ಬಂದವು. ಅವಳು ದೋಸೆಯ ಅಂಚು ಎತ್ತಿ ಕೆಳಗಡೆ ಇಣುಕಿ ನೋಡಿದಳು. ಎರಡೂ ಕಡೆ ಬೆಣ್ಣೆ ಹಚ್ಚಿದ ಬ್ರೆಡ್ಡು ಅನ್ನೋ ಮಾತೂ ಇಂಗ್ಲಿಷಿನಲ್ಲಿದೆ, ಅತಿ ಸುಖದಲ್ಲಿ ಇರುವವರಿಗೆ. ಅದನ್ನು ಹೇಳಲು ಬಾಯಿ ಖಾಲಿ ಇರಲಿಲ್ಲ.

ಮೊದಲನೇ ದೋಸೆ ಮುಗಿಸಿ ಅವಳೇ ಶುರು ಮಾಡಿದಳು. "ಅಮ್ಮ ಎರಡನೇದು ಕೊಡಿಸಲ್ಲ. ನೀನು ಕೊಡಿಸ್ತೀಯ. ಅದಕ್ಕೇ ನಿನ್ನ ಜೊತೆ ಬಂದೆ. ಇದೇ ತಾನೇ ಅದು?"

ಉದಾಹರಣೆಗೆ ಪೂರ್ತಿ ಮಾರ್ಕ್ಸ್ ಕೊಟ್ಟು, ಇನ್ನೊಂದು ದೋಸೆ ಹೇಳಿದೆ.