ಸಾಯುತ್ತಿರುವ ಮರಗಳ ನಡುವೆ ಕಲಾವಿದರ ಜೊತೆ ನಡಿಗೆ: ಬೇಕೆ, ಬೇಡವೆ?

ಆಶ್ ಎಂಬ ಮರಗಳನ್ನು ಒಣಗಿಸಿ ಕೊಲ್ಲುವ ‘ಆಶ್ ಡೈಬ್ಯಾಕ್’ ಎಂಬ ಶಿಲೀಂಧ್ರ ರೋಗ ಬ್ರಿಟನ್ನಿನಲ್ಲಿ ಪತ್ತೆಯಾದದ್ದು 2012ರಲ್ಲಿ. ಮದ್ದಿಲ್ಲ. ಈ ಆಶ್ ಮರಗಳನ್ನು ನೋಡಲು ಕಲಾವಿದರು ಜನರನ್ನು ಹಳ್ಳಿಗಾಡಿನ ಕಾಲುದಾರಿಗಳಲ್ಲಿ ಕರೆದುಕೊಂಡು ಹೋಗುತ್ತಾರೆ. ಅದರಿಂದ ಏನಾದರೂ ಪ್ರಯೋಜನವಿದೆಯೆ?

ಪರ

ಚಳಿಗಾಲದಲ್ಲಿ ಆಶ್ ಮರದ ಮೊಗ್ಗು ಮಸಿಯಂತೆ ಕಪ್ಪು. ಎಲೆಯೆಲ್ಲ ಉದುರಿದ ಮೇಲೂ ಅದೊಂದರಿಂದಲೇ ಮರದ ಗುರುತು ಹಿಡಿಯಬಹುದು. ಆದರೆ ದಿನಾ ಆ ಮರದ ಕೆಳಗೇ ಓಡಾಡುವವರು ಕೂಡ ಅದನ್ನು ನೋಡಿರುವುದಿಲ್ಲ. ಕಲಾವಿದರು ಮೊದಲು ಮಾಡುವ ಕೆಲಸವೆಂದರೆ ನಡೆಯುವವರನ್ನು ನಿಲ್ಲಿಸುವುದು. ಕೊಂಬೆ ಬಗ್ಗಿಸಿ ಮೊಗ್ಗು ತೋರಿಸುತ್ತಾರೆ. ಒಣಗಿದ ರೆಂಬೆ ಕಾಂಡವನ್ನು ಕೂಡುವ ಜಾಗದಲ್ಲಿ, ತೊಗಟೆಯ ಮೇಲೆ ವಜ್ರಾಕಾರದ ಕಂದು ಗಾಯವಿರುತ್ತದೆ. ಅದನ್ನು ಬಿಡಿಸಿ ಎಂದು ಕಾಗದ, ಪೆನ್ಸಿಲ್ ಕೊಡುತ್ತಾರೆ. ಹತ್ತು ನಿಮಿಷ ಕೂತು ಆ ಗಾಯವನ್ನು ಬಿಡಿಸಿದವರು ಮುಂದೆ ಎಲ್ಲಿ ಕಂಡರೂ ಅದನ್ನು ಗುರುತಿಸುತ್ತಾರೆ. ಇದನ್ನು ಭಿತ್ತಿಪತ್ರ ಕಲಿಸಲಾರದು.

1970ರ ದಶಕದಲ್ಲಿ ಹಬ್ಬಿದ ಡಚ್ ಎಲ್ಮ್ ರೋಗಕ್ಕೆ ಬ್ರಿಟನ್ನಿನ 2.5 ಕೋಟಿಗೂ ಹೆಚ್ಚು ಎಲ್ಮ್ ಮರಗಳು ಬಲಿಯಾದವು. ಈಗಿನ ಹೆಚ್ಚಿನ ಮಕ್ಕಳಿಗೆ ಎತ್ತರದ ಎಲ್ಮ್ ಎಂದರೆ ಹಳೆಯ ಚಿತ್ರಗಳಲ್ಲಿ ಕಾಣುವ ಮರ. ಆಶ್ ಮರಕ್ಕೂ ಹಾಗಾಗುವ ಮೊದಲು ಯಾರಾದರೂ ಅದರ ಹತ್ತಿರ ಹೋಗಿ ನಿಲ್ಲಲಿ. ಶಿಲ್ಪಿ ಡೇವಿಡ್ ನ್ಯಾಶ್ 1977ರಲ್ಲಿ ವೇಲ್ಸಿನಲ್ಲಿ 22 ಆಶ್ ಸಸಿಗಳನ್ನು ವೃತ್ತಾಕಾರವಾಗಿ ನೆಟ್ಟು, ದಶಕಗಟ್ಟಲೆ ಬಾಗಿಸಿ, ಗುಮ್ಮಟದಂತೆ ಬೆಳೆಸಿದರು. ಅದಕ್ಕೂ ರೋಗ ತಗುಲಿತು. ಅಷ್ಟು ವರ್ಷ ಒಂದೇ ಮರಗುಂಪಿನ ಜೊತೆ ಬದುಕಿದ ಕೈಗಳಿಗೆ ಹೇಳಲು ಏನೋ ಇರುತ್ತದೆ.

ವಿರೋಧ

ಈ ಕಲಾವಿದರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ರೋಗ ತಗುಲಿದ ಆಶ್ ಮರದ ಕೊಂಬೆ ಪೆಡಸಾಗಿ ಯಾವಾಗ ಬೇಕಾದರೂ ಮುರಿದು ಬೀಳಬಹುದು. ನುರಿತ ಕೆಲಸಗಾರರೇ ಅಂಥ ಮರ ಹತ್ತಲು ಹಿಂಜರಿಯುತ್ತಾರೆ. ಅದರ ಕೆಳಗೆ ಮಕ್ಕಳನ್ನು ಕೂರಿಸಬೇಕೆ? ಬೂಟುಗಳ ಕೆಸರೂ ಇದೆ. ಆಶ್ ರೋಗದ ಬೀಜಕಣ ಗಾಳಿಯಲ್ಲಿ ಹಾರಿಕೊಂಡೇ ಊರೂರು ಸೇರಿದೆ, ಒಪ್ಪುತ್ತೇನೆ. ಆದರೆ ಲಾರ್ಚ್ ಮರಗಳನ್ನು ಕೊಲ್ಲುವ ಫೈಟಾಫ್ತೊರಾ ರಾಮೋರಮ್ ಎಂಬ ರೋಗಾಣು ಕೆಸರಿಗೆ ಅಂಟಿಕೊಂಡೂ ಹೋಗುತ್ತದೆ. ಒಂದು ಕಾಡಿನ ಕೆಸರು ತೊಳೆಯದೆ ಇನ್ನೊಂದಕ್ಕೆ ಕಾಲಿಡುವುದು ತಪ್ಪು.

ನನಗೆ ಇದಕ್ಕಿಂತ ನೋವಾಗುವುದು ಬೇರೆ ವಿಷಯಕ್ಕೆ. ಶೋಕದ ನಡಿಗೆಯಲ್ಲಿ ಈ ಸಾವು ವಿಧಿಯಂತೆ ಕಾಣಿಸುತ್ತದೆ. ಬ್ರಿಟನ್ನಿನಲ್ಲಿ ಆಶ್ ಬೀಜ ಬಿದ್ದಲ್ಲಿ ತಾನೇ ಮೊಳೆಯುತ್ತದೆ. ಆದರೂ ಸಸಿಗಳನ್ನು ಹೊರದೇಶಗಳಿಂದ ತರಿಸಿಕೊಂಡರು. ಪೋಲೆಂಡಿನಲ್ಲಿ ಆಶ್ ಮರಗಳು ಹೀಗೆ ಒಣಗುತ್ತಿರುವುದು 1992ರಲ್ಲೇ ಗೊತ್ತಾಗಿತ್ತು. ಬ್ರಿಟನ್ ಆಮದು ನಿಲ್ಲಿಸಿದ್ದು 2012ರ ಅಕ್ಟೋಬರಿನಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ನಡುವಿನ ಇಪ್ಪತ್ತು ವರ್ಷದ ಲೆಕ್ಕವನ್ನು ಯಾವ ನಡಿಗೆ ಕೇಳುತ್ತದೆ?

ಕೆಲವು ಮರಗಳು ರೋಗ ತಡೆದುಕೊಂಡಿವೆ. ಬೇಸಿಗೆಯ ನಡುವೆ, ಸುತ್ತಲಿನ ಮರಗಳ ನೆತ್ತಿ ಬೋಳಾಗಿರುವಾಗ, ಅವುಗಳ ತಲೆ ತುಂಬ ಹಸಿರಿರುತ್ತದೆ. ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಜಾಗ ಬರೆಸಿಕೊಂಡು, ಬೀಜ ಕೂಡಿಡುವವರಿಗೆ ತಿಳಿಸಿದರೆ ನಾನೂ ಜೊತೆಗೆ ಬರುತ್ತೇನೆ.