ಬಿರ್ ಹಕೀಮ್‌ನ ಡ್ಯೂಕ್: ಆ ಪದಕ ನ್ಯಾಯವೇ?

ಮೊದಲ ಮಹಾಯುದ್ಧದ ನಡುವೆ, 1916ರ ಮಾರ್ಚ್ 17ರಂದು, ಲಿಬಿಯಾದ ಮರಳುಗಾಡಿನೊಳಗೆ ಆರ್ಮರ್ಡ್ ಕಾರುಗಳನ್ನು (ಉಕ್ಕಿನ ಕವಚದ, ಮಷಿನ್ ಗನ್ ಹೊತ್ತ ಕಾರುಗಳನ್ನು) ನುಗ್ಗಿಸಿ 91 ಕೈದಿಗಳನ್ನು ಬಿಡಿಸಿ ತಂದದ್ದಕ್ಕೆ ವೆಸ್ಟ್‌ಮಿನ್‌ಸ್ಟರ್‌ನ ಎರಡನೆಯ ಡ್ಯೂಕ್ ಹ್ಯೂ ಗ್ರೋವ್‌ನರ್‌ಗೆ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಗೌರವ ಸಿಕ್ಕಿತು. ಅವನು ಅದಕ್ಕೆ ಅರ್ಹನೇ?

ಪರ

ಮೊದಲು ಆ ಕೈದಿಗಳ ಸ್ಥಿತಿಯನ್ನು ನೋಡಬೇಕು. 1915ರ ನವೆಂಬರ್ 5ರಂದು ಯು-35 ಎಂಬ ಜರ್ಮನ್ ಸಬ್‌ಮರೀನ್ ಈಜಿಪ್ಟ್–ಲಿಬಿಯಾ ಗಡಿಯ ಸಲ್ಲೂಮ್ ಕೊಲ್ಲಿಯಲ್ಲಿ ಬ್ರಿಟಿಷರ ‘ಟಾರಾ’ ಹಡಗನ್ನು ಮುಳುಗಿಸಿತು. ಬದುಕಿ ಉಳಿದವರು ಲಿಬಿಯಾದ ಮುಸ್ಲಿಂ ಧಾರ್ಮಿಕ ಪಂಥವಾದ ಸೆನುಸ್ಸಿಗಳ ಕೈಸೇರಿದರು. ‘ಮೂರಿನಾ’ ಎಂಬ ಇನ್ನೊಂದು ಹಡಗಿನವರೂ ಆಮೇಲೆ ಅವರ ಜೊತೆಯಾದರು. ಬಿರ್ ಹಕೀಮ್ ಎಂಬ ಒಂಟಿ ಬಾವಿಯ ಬಳಿ ಅವರನ್ನು ಇಡಲಾಯಿತು. ಹೊಟ್ಟೆಗೆ ಸಾಲದೆ ಬಸವನಹುಳು ಆರಿಸಿ ತಿಂದರು, ಬೇರು ಅಗೆದು ತಿಂದರು. ಆಮಶಂಕೆಯಿಂದ ಕೆಲವರು ಸತ್ತರು. ‘ಟಾರಾ’ದ ಕ್ಯಾಪ್ಟನ್ ಗ್ವಾಟ್‌ಕಿನ್-ವಿಲಿಯಮ್ಸ್ ತಪ್ಪಿಸಿಕೊಂಡು ಹೋದವನು ಮತ್ತೆ ಸಿಕ್ಕಿಬಿದ್ದ. ಇನ್ನು ಕೆಲವು ವಾರ ಕಳೆದಿದ್ದರೆ ಬಿಡಿಸಿಕೊಂಡು ಬರಲು ಎಷ್ಟು ಜನ ಉಳಿದಿರುತ್ತಿದ್ದರು?

ಸಲ್ಲೂಮ್ ಬ್ರಿಟಿಷರ ವಶವಾದಾಗ ಆ ಕ್ಯಾಪ್ಟನ್ ಬರೆದಿದ್ದ ಪತ್ರವೊಂದು ಸಿಕ್ಕಿತು. ಕೈದಿಗಳಿದ್ದ ಜಾಗದ ಹೆಸರೇನೋ ತಿಳಿಯಿತು, ಅದು ಯಾವ ದಿಕ್ಕಿನಲ್ಲಿದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಆ ಕಡೆ ಕುರಿ ಕಾಯುತ್ತಿದ್ದ ಒಬ್ಬ ಅರಬ್ ವೃದ್ಧನ ನೆನಪೊಂದೇ ದಾರಿ. ಡ್ಯೂಕ್ ರಾತ್ರಿಯೇ ಹೊರಟ. ಹಿಂದೆ ನಲವತ್ತಕ್ಕೂ ಹೆಚ್ಚು ವಾಹನ, ಅದರಲ್ಲಿ ಆಂಬುಲೆನ್ಸ್‌ಗಳೂ ಇದ್ದವು. ಅಂದಾಜು ಮಾಡಿದ್ದಕ್ಕಿಂತ ದಾರಿ ಬೆಳೆಯುತ್ತಲೇ ಹೋಯಿತು. ಕೊನೆಗೆ ಸುಮಾರು 190 ಕಿಲೋಮೀಟರ್ ಆಯಿತು. ಪೆಟ್ರೋಲ್ ಮುಗಿದರೆ, ಅಥವಾ ಮುದುಕನ ನೆನಪು ಕೈಕೊಟ್ಟರೆ, ಬಿಡಿಸಲು ಹೋದವರೇ ನೀರಿಲ್ಲದೆ ಸಾಯಬೇಕಿತ್ತು. ಅಂಥ ಹೊತ್ತಿನಲ್ಲಿ ‘ವಾಪಸ್ ತಿರುಗಿಸಿ’ ಎಂದಿದ್ದರೆ ಯಾರೂ ಅವನನ್ನು ದೂರುತ್ತಿರಲಿಲ್ಲ. ಅವನು ತಿರುಗಿಸಲಿಲ್ಲ. ನನ್ನ ಮಟ್ಟಿಗೆ ಪದಕ ಸಲ್ಲುವುದು ಈ ನಿರ್ಧಾರಕ್ಕೆ.

ಇದು ಒಂದು ದಿನದ ಹುಮ್ಮಸ್ಸೂ ಅಲ್ಲ. 1914ರ ಆಗಸ್ಟ್‌ನಲ್ಲಿ ಬೆಲ್ಜಿಯಂನಲ್ಲಿ ಗಾಯಗೊಂಡಿದ್ದ ಕ್ಯಾಪ್ಟನ್ ಫ್ರಾನ್ಸಿಸ್ ಗ್ರೆನ್‌ಫೆಲ್‌ನನ್ನು ತನ್ನ ರೋಲ್ಸ್‌ರಾಯ್ಸ್‌ನಲ್ಲಿ ಸುರಕ್ಷಿತ ಜಾಗಕ್ಕೆ ಸಾಗಿಸಿದವನೂ ಇವನೇ. ಲಂಡನ್ನಿನ ಮೇಫೇರ್, ಬೆಲ್‌ಗ್ರೇವಿಯಾಗಳ ನೆಲವನ್ನೇ ಹೊಂದಿದ್ದ ಶ್ರೀಮಂತ ಮನೆಯಲ್ಲಿ ಕೂರಬಹುದಿತ್ತು. ಅವನು ನೌಕಾಪಡೆಯ ವಾಯುದಳದಲ್ಲಿ ಆರ್ಮರ್ಡ್ ಕಾರುಗಳ ತುಕಡಿ ಕಟ್ಟಿದ. ಫ್ರಾನ್ಸಿನ ಕಂದಕಗಳ ನಡುವೆ ಆ ಕಾರುಗಳಿಗೆ ಕೆಲಸವೇ ಇರಲಿಲ್ಲ. ಅವುಗಳಿಗೆ ಬಯಲು ಬೇಕಿತ್ತು, ಅದು ಈಜಿಪ್ಟಿನ ಪಶ್ಚಿಮಕ್ಕೆ ಸಿಕ್ಕಿತು. ಅಲ್ಲಿ ಕಲಿತ ಪಾಠ ಮುಂದೆಯೂ ಉಪಯೋಗಕ್ಕೆ ಬಂತು: 1918ರ ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದ ಪಡೆಯ ಜೊತೆಗೂ ಆರ್ಮರ್ಡ್ ಕಾರುಗಳಿದ್ದವು.

1930ರ ದಶಕದಲ್ಲಿ ಡ್ಯೂಕ್ ಜರ್ಮನಿಯ ಪರ ಒಲಿದದ್ದು, ಯಹೂದಿಗಳ ಬಗ್ಗೆ ವಿಷ ಕಾರಿದ್ದು ನನಗೂ ಅಸಹ್ಯ. ಅದಕ್ಕೆ ಬೇರೆ ತೀರ್ಪು ಇರಲಿ. 1916ರಲ್ಲಿ ಬದುಕಿ ಬಂದ 91 ಜನರ ಲೆಕ್ಕವನ್ನು ಅದು ಬದಲಿಸುವುದಿಲ್ಲ.

ವಿರೋಧ

ಡ್ಯೂಕ್‌ನ ಮುಂದಿನ ರಾಜಕೀಯವನ್ನು ನಾನು ಎತ್ತುವುದಿಲ್ಲ. ಅದರ ಅಗತ್ಯವೇ ಇಲ್ಲ, ಬಾವಿಯ ಬಳಿ ನಡೆದದ್ದೇ ಸಾಕು.

ಕಾರುಗಳು ಬಂದಾಗ ಅಲ್ಲಿದ್ದದ್ದು ಸೈನ್ಯವಲ್ಲ, ಬೆರಳೆಣಿಕೆಯ ಕಾವಲುಗಾರರು ಮತ್ತು ಅವರ ಸಂಸಾರಗಳು. ಮಷಿನ್ ಗನ್‌ಗಳ ಮುಂದೆ ಅವರ ಕೈಲಿ ಏನೂ ಆಗುತ್ತಿರಲಿಲ್ಲ. ಕಾವಲುಗಾರರನ್ನು ಕೊಂದರು. ಹೆಂಗಸರು, ಮಕ್ಕಳೂ ಗುಂಡಿಗೆ ಸತ್ತರು ಎಂದು ಹೇಳುವವರು ಶತ್ರುಪಕ್ಷದವರಲ್ಲ. ಬಿಡುಗಡೆಯಾಗಿ ಬಂದವರ ಕಡೆಯಿಂದಲೇ ಆ ಮಾತು ಬಂದಿದೆ. ಕೈದಿಗಳ ಎಲುಬುಗೂಡಿನಂಥ ಮೈ ಕಂಡು ಸೈನಿಕರು ಕೆರಳಿದರು ಎಂಬ ಸಮರ್ಥನೆ ಇದೆ. ಸೈನಿಕ ಕೆರಳಬಹುದು. ಹಾಗೆ ಕೆರಳಿದವನ ಕೈ ತಡೆಯಲೆಂದೇ ಅಧಿಕಾರಿ ಇರುವುದು. ದಂಡಯಾತ್ರೆಯ ಕೀರ್ತಿ ನಾಯಕನಿಗೆ ಸಲ್ಲುವುದಾದರೆ ಆ ಸಾವುಗಳ ಹೊಣೆಯೂ ಅವನಿಗೇ ಸಲ್ಲಬೇಕು. ಒಂದನ್ನು ಎದೆಗೆ ಚುಚ್ಚಿಕೊಂಡು ಇನ್ನೊಂದನ್ನು ಮರಳಲ್ಲಿ ಹೂಳುವುದನ್ನು ನಾನು ಒಪ್ಪಲಾರೆ.

ಕೈದಿಗಳ ಹಸಿವಿನ ಹಿಂದೆ ಇನ್ನೊಂದು ಹಸಿವಿದೆ. ಬ್ರಿಟಿಷರು ಈಜಿಪ್ಟ್ ಕಡೆಯ ವ್ಯಾಪಾರವನ್ನು, ಕರಾವಳಿಯನ್ನು ಬಿಗಿಹಿಡಿದಿದ್ದರಿಂದ ಆ ಸೀಮೆಯ ಜನರಿಗೇ ಕಾಳು ಸಿಗುತ್ತಿರಲಿಲ್ಲ. ಕಾವಲುಗಾರರ ಪಾತ್ರೆಯಲ್ಲೂ ಹೆಚ್ಚೇನೂ ಇರಲಿಲ್ಲ. ಸೆನುಸ್ಸಿಗಳು 1911ರಿಂದ ಇಟಲಿಯ ಆಕ್ರಮಣದ ವಿರುದ್ಧ ತಮ್ಮ ನೆಲದಲ್ಲೇ ಹೋರಾಡುತ್ತಿದ್ದವರು. ತುರ್ಕಿ, ಜರ್ಮನಿಗಳ ಒತ್ತಾಯಕ್ಕೆ ಬಿದ್ದು ಬ್ರಿಟಿಷರ ಮೇಲೆ ತಿರುಗಿದರು. ಕೈದಿಗಳನ್ನು ಬೇಕೆಂದೇ ಹಸಿವಿನಿಂದ ಕೊಂದರು ಎಂದು ಚಿತ್ರಿಸಿದರೆ ಮಾತ್ರ ಆ ಗುಂಡಿನ ದಾಳಿ ನ್ಯಾಯವಾಗಿ ಕಾಣುತ್ತದೆ.

ಇನ್ನು ಶೌರ್ಯದ ಮಾತು. 1916ರ ಫೆಬ್ರವರಿ 26ರಂದು ಈಜಿಪ್ಟಿನ ಅಗಾಗಿಯಾದಲ್ಲಿ ಬ್ರಿಟಿಷ್ ಅಶ್ವದಳ ಡಾರ್ಸೆಟ್ ಯೋಮನ್ರಿಯವರು ಕುದುರೆ ಮೇಲೆ, ಬಯಲಲ್ಲಿ, ಮಷಿನ್ ಗನ್‌ಗಳಿಗೆ ಎದುರಾಗಿ ನುಗ್ಗಿದರು. ಸುಮಾರು ಮೂರರಲ್ಲಿ ಒಂದು ಪಾಲು ಜನ ಸತ್ತರು ಅಥವಾ ಗಾಯಗೊಂಡರು. ಸೆನುಸ್ಸಿ ಪಡೆಯ ಸೇನಾನಿ ಜಾಫರ್ ಪಾಷಾ ಸೆರೆಸಿಕ್ಕ. ಮಾರ್ಚ್ 14ರಂದು ಸಲ್ಲೂಮ್‌ನಿಂದ ಡ್ಯೂಕ್‌ನ ಕಾರುಗಳು ಓಡುತ್ತಿದ್ದವರನ್ನು ಅಟ್ಟಿಸಿಕೊಂಡು ಹೋದಾಗ ಅವನ ಕಡೆ ಒಬ್ಬನೂ ಸಾಯಲಿಲ್ಲ. ಎದುರಿನ ತುರ್ಕಿ ಗನ್ನರ್‌ಗಳು ತಮ್ಮ ತೋಪುಗಳನ್ನು ಬಿಡದೆ ನಿಂತಲ್ಲೇ ಸತ್ತರು. ಉಕ್ಕಿನ ತಗಡಿನ ಹಿಂದಿನವನಿಗಿಂತ ಅವರ ಎದೆಗಾರಿಕೆ ಯಾವ ರೀತಿಯಲ್ಲಿ ಕಡಿಮೆ?

ದಾರಿಯ ಅಪಾಯ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಅಪಾಯವನ್ನು ದಾಟಿಸಿದ್ದು ಡ್ಯೂಕ್‌ನ ಧೈರ್ಯಕ್ಕಿಂತ ಹೆಚ್ಚಾಗಿ ಆ ಕುರಿಗಾಹಿ ಮುದುಕನ ನೆನಪು. ಮತ್ತು ಅಪಾಯ ಮುಗಿದದ್ದು ಬಾವಿ ಕಂಡಾಗ. ಕೊಲೆ ಶುರುವಾದದ್ದು ಅದರ ನಂತರ. ಅಲ್ಲಿ ಕಾವಲುಗಾರರನ್ನು ಜೀವಸಹಿತ ಹಿಡಿದು, ಅವರ ಹೆಂಡತಿ ಮಕ್ಕಳನ್ನು ಬದಿಗೆ ಸರಿಸಿ, 91 ಜನರನ್ನು ಹತ್ತಿಸಿಕೊಂಡು ಬಂದಿದ್ದರೆ ನಾನೂ ಈ ಪದಕದ ಪರ ಬರೆಯುತ್ತಿದ್ದೆ. ಕಾರುಗಳಲ್ಲಿದ್ದ ಬಲಕ್ಕೆ ಅದು ಸಾಧ್ಯವಿತ್ತು.