ಸೆರಗಿನ ಗಂಟು

ಮೊನ್ನೆ ಸಂಜೆ ಆರೂವರೆಗೆ ಫೋನು ಬಡಿದುಕೊಂಡಿತು. ಯಾರದೋ ಕರೆ ಅಲ್ಲ, ಅಲಾರಂ. ಪರದೆಯ ಮೇಲೆ ನಾನೇ ಬರೆದಿಟ್ಟಿದ್ದ ಸಾಲು: 'ಮರೀಬೇಡ!!' ಏನನ್ನು ಅಂತ ಮಾತ್ರ ಬರೆದಿರಲಿಲ್ಲ. ಬರೆಯುವಾಗ ವಿಷಯ ಕಣ್ಣಿಗೆ ಕಟ್ಟಿದ ಹಾಗಿದ್ದಿರಬೇಕು. ಇಷ್ಟು ಸಾಕು ಅನಿಸಿರಬೇಕು.

ಮನೆಯವರನ್ನು ಕೇಳಿದೆ. "ಹಾಲಾ?" ಅಂದಳು ಹೆಂಡತಿ. ಹಾಲು ಫ್ರಿಜ್‌ನಲ್ಲಿತ್ತು. "ಕರೆಂಟ್ ಬಿಲ್ಲಾ?" ಕಟ್ಟಿ ಆಗಿತ್ತು. "ಐಸ್‌ಕ್ರೀಮ್ ತರ್ತೀನಿ ಅಂದಿದ್ರಿ" ಅಂದಳು ಮಗಳು. ಅದು ಅಪ್ಪಟ ಸುಳ್ಳು ಅಂತ ನನ್ನ ಅನುಮಾನ. ಆದರೆ ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮಜ್ಜಿಯ ಸೆರಗಿನ ತುದಿಯಲ್ಲಿ ಯಾವಾಗಲೂ ಎರಡು ಗಂಟು ಇರುತ್ತಿದ್ದವು. ಒಂದರಲ್ಲಿ ಚಿಲ್ಲರೆ. ಇನ್ನೊಂದು ಖಾಲಿ ಗಂಟು, ಅದು ನೆನಪಿನದು. ರಾತ್ರಿ ಹಾಸಿಗೆ ಹಾಸುವಾಗ ಅದನ್ನು ಹಿಡಿದುಕೊಂಡು, "ಇದು ಯಾತಕ್ಕೆ ಹಾಕಿದ್ದೇ?" ಅಂತ ಅಮ್ಮನನ್ನು ಕೇಳುತ್ತಿದ್ದಳು. ಹೊಳೆದರೆ ಬಿಚ್ಚುತ್ತಿದ್ದಳು. ಹೊಳೆಯದಿದ್ದರೆ ಇಲ್ಲ. ಮಾರನೆ ದಿನ ಸೀರೆ ಒಗೆಯಲು ಹಾಕುವಾಗ ಆ ಗಂಟನ್ನು ಬಿಚ್ಚಿ, ಹೊಸದಾಗಿ ಉಟ್ಟ ಸೀರೆಯ ಸೆರಗಿಗೆ ಮತ್ತೆ ಹಾಕಿಕೊಳ್ಳುತ್ತಿದ್ದಳು. ಸರ್ಕಾರಿ ನೌಕರರ ವರ್ಗಾವಣೆ ಥರ. ಕೆಲವು ಗಂಟುಗಳು ನಾಲ್ಕೈದು ಸೀರೆ ದಾಟಿದ್ದನ್ನು ನಾನು ಕಂಡಿದ್ದೇನೆ.

ನೆನಪಿನ ತೊಂದರೆ ಅಂದಾಗ ಜನ ಎರಡು ಬೇರೆ ಬೇರೆ ವಿಷಯ ಕಲಸಿಬಿಡುತ್ತಾರೆ. ಕಲಿತದ್ದು ತಲೆಯಲ್ಲಿ ನಿಲ್ಲದಿರುವುದು ಒಂದು. ನಿಂತದ್ದು ಬೇಕಾದ ಹೊತ್ತಿಗೆ ಎದ್ದು ಬರದಿರುವುದು ಇನ್ನೊಂದು. ಜಗತ್ತಿನ ಉಪಾಯಗಳೆಲ್ಲ ಹೆಚ್ಚಾಗಿ ಮೊದಲನೆಯದಕ್ಕೆ. ನನಗಿರುವುದು ಎರಡನೆಯದು.

ಮೊದಲನೆಯದಕ್ಕೆ ನಮ್ಮಲ್ಲಿ ಒಳ್ಳೆ ಮದ್ದಿತ್ತು. ಅದಕ್ಕೆ 'ಒಪ್ಪಿಸುವುದು' ಅಂತ ಹೆಸರು. ಮಗ್ಗಿ ಓದಿದರೆ ಸಾಲದು, ಒಪ್ಪಿಸಬೇಕು. ಏನೋ ಸಾಲ ತೀರಿಸುವ ಹಾಗೆ. ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂರಬೇಕು. ಪುಸ್ತಕ ಅಪ್ಪನ ಕೈಗೆ ಹೋಗುತ್ತದೆ. ಎರಡೊಂದ್ಲ ಎರಡರಿಂದ ಗಾಡಿ ಸರಾಗವಾಗಿ ಹೊರಟು, ಹದಿಮೂರರ ಹತ್ತಿರ ತೆವಳಿ, ಹದಿನೇಳರಲ್ಲಿ ಹೂತುಹೋಗುತ್ತಿತ್ತು. "ಹದಿನೇಳೆಂಟ್ಲ..." ಅಂತ ನಿಂತರೆ ಅಪ್ಪ ತುಟಿ ಬಿಚ್ಚುತ್ತಿರಲಿಲ್ಲ. ಗದರುತ್ತಲೂ ಇರಲಿಲ್ಲ. ಸುಮ್ನೆ ಕೂರುತ್ತಿದ್ದರು. ಹೊರಗೆ ಕಪ್ಪೆ ಕೂಗುತ್ತಿತ್ತು. ಒಳಗೆ ಒಗ್ಗರಣೆ ಸಿಡಿಯುತ್ತಿತ್ತು. ಇನ್ನೇನು ಅಳು ಬರಬೇಕು, ಅಷ್ಟರಲ್ಲಿ ಎಲ್ಲಿಂದಲೋ "ನೂರಾ ಮೂವತ್ತಾರು" ಬಂದು ಬೀಳುತ್ತಿತ್ತು. ಸಲೀಸಾಗಿ ಬಂದ ಎಷ್ಟೋ ಮಗ್ಗಿಗಳಿಗೆ ಈಗ ನಾನು ಬೆರಳು ಮಡಿಸಬೇಕು. ಆ ನೂರಾ ಮೂವತ್ತಾರು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸಿಗುತ್ತದೆ.

ಈ ಒಪ್ಪಿಸುವಿಕೆಯನ್ನು ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. 2006ರಲ್ಲಿ. ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಕೊಟ್ಟರು. ಒಂದು ಪಾಠವನ್ನು ಎರಡು ಸಲ ಓದಬೇಕು. ಇನ್ನೊಂದನ್ನು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆಯಬೇಕು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು, ಶೇಕಡಾ 81ಕ್ಕೆ 75ರಂತೆ. ಒಂದು ವಾರ ಬಿಟ್ಟು ಕೇಳಿದಾಗ ತಕ್ಕಡಿ ತಿರುಗಿತ್ತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇಕಡಾ 42, ಮುಚ್ಚಿಟ್ಟು ಬರೆದದ್ದರಲ್ಲಿ 56. ಮಜಾ ಅಂದರೆ ಮತ್ತೆ ಮತ್ತೆ ಓದಿದವನಿಗೆ ಎಲ್ಲ ಬರುತ್ತದೆ ಅನ್ನುವ ಧೈರ್ಯ ಜಾಸ್ತಿ ಇರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ನಮ್ಮ ಧೈರ್ಯವೆಲ್ಲ ಅದೇ ಜಾತಿಯದು, ಅಲ್ವಾ?

ದಿನಾ ಸಂಜೆ ಯಾಕೆ, ಭಾನುವಾರ ಒಟ್ಟಿಗೇ ಮಾಡಿದರಾಗದೇ ಅಂತ ನಾನು ಅಪ್ಪನನ್ನು ಕೇಳಿದ್ದುಂಟು. ಅದಕ್ಕೆ ಉತ್ತರ ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ಕೊಟ್ಟಿದ್ದ. ಪುಣ್ಯಾತ್ಮ ಅರ್ಥವಿಲ್ಲದ ಪದಾಂಶಗಳ ಪಟ್ಟಿ ಮಾಡಿಕೊಂಡು, ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಉರು ಹೊಡೆಯುತ್ತಾ ಕೂತ. ಒಂದು ದಿನ ಬಿಟ್ಟು ಅದೇ ಪಟ್ಟಿ ಮತ್ತೆ ಕಲಿಯುವಾಗ ಮೊದಲಿನ ಶ್ರಮದಲ್ಲಿ ಉಳಿತಾಯವಾದದ್ದು ಸುಮಾರು ಮೂರರಲ್ಲಿ ಒಂದು ಪಾಲು. ಒಂದು ತಿಂಗಳಾದ ಮೇಲೂ ಐದರಲ್ಲಿ ಒಂದು ಪಾಲು ಉಳಿದಿತ್ತು. ಅಂದರೆ ಮರೆವು ಹೊಸ ಅಳಿಯನ ಹಾಗೆ: ಬಂದ ದಿನವೇ ಗಬಗಬ ತಿನ್ನುತ್ತದೆ, ಆಮೇಲೆ ನಿಧಾನ. ಬಿಡಿಸಿ ಬಿಡಿಸಿ ಕಲಿತರೆ ಒಟ್ಟಿಗೆ ಉರು ಹೊಡೆಯುವುದಕ್ಕಿಂತ ಲಾಭ ಅಂತಲೂ ಅವನು ಕಂಡ. ಅಪ್ಪ ಅವನ ಹೆಸರು ಕೇಳಿರಲಿಕ್ಕಿಲ್ಲ.

ಕೆಲವು ಉಪಾಯಗಳು ವಿಷಯಕ್ಕಿಂತ ಗಟ್ಟಿ. ಛಂದಸ್ಸಿನ ಗಣಗಳನ್ನು ನೆನಪಿಡುವ 'ಯಮಾತಾರಾಜಭಾನಸಲಗಂ' ನೋಡಿ. ಯ ಗಣ ಬೇಕೆಂದರೆ ಯ ಮತ್ತು ಮುಂದಿನ ಎರಡು ಅಕ್ಷರ ತೆಗೆದುಕೊಳ್ಳಿ: ಯ-ಮಾ-ತಾ, ಲಘು ಗುರು ಗುರು. ಮ ಗಣಕ್ಕೆ ಮಾ-ತಾ-ರಾ, ಮೂರೂ ಗುರು. ಬೀಗದೊಳಗೇ ಬೀಗದ ಕೈ ಇಟ್ಟ ಹಾಗಿದೆ. ಯಾರು ಕಟ್ಟಿದರೋ, ಕೈ ಮುಗಿಯಬೇಕು. ಆದರೆ ಶಾಲೆ ಬಿಟ್ಟ ಮೇಲೆ ಇವತ್ತಿನವರೆಗೆ ಒಬ್ಬರೂ ನನ್ನನ್ನು ದಾರಿಯಲ್ಲಿ ತಡೆದು ಯ ಗಣ ಯಾವುದು ಅಂತ ಕೇಳಿಲ್ಲ. ಎಟಿಎಂ ಪಿನ್ ಕೇಳುವ ಯಂತ್ರದ ಮುಂದೆ ನಿಂತಾಗ ತಲೆಯಲ್ಲಿ ಬರುವುದು ಮಾತ್ರ ಅದೇ.

ಒಂದೆಲಗದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಕಡೆ ಅದೇ ಬ್ರಾಹ್ಮಿ. ನೆನಪಿನ ಮಾತ್ರೆಯ ಪ್ರಯೋಗಗಳಲ್ಲಿ ಹೆಚ್ಚಾಗಿ ಬರುವುದು ನೀರುಬ್ರಾಹ್ಮಿ, ಅದು ಬೇರೆಯೇ ಗಿಡ. ಆ ಪ್ರಯೋಗಗಳಲ್ಲಿ ಸಾಮಾನ್ಯವಾಗಿ 12 ವಾರ ದಿನವೂ ಮಾತ್ರೆ ಕೊಡುತ್ತಾರೆ. 12 ವಾರ ಒಂದು ದಿನವೂ ಮರೆಯದೆ ನುಂಗಬಲ್ಲವನಿಗೆ ಆ ಮಾತ್ರೆ ಯಾಕೆ ಬೇಕು ಅನ್ನುವುದು ನನಗಿನ್ನೂ ಬಗೆಹರಿದಿಲ್ಲ. ಒಂದೆಲಗದ ತಂಬುಳಿಗೆ ಯಾವ ಕಾರಣವೂ ಬೇಡ. ಬಿಸಿ ಅನ್ನ ಇದ್ದರೆ ಸಾಕು.

ಇನ್ನು ಮನಸ್ಸಿನಲ್ಲೇ ಮನೆ ಸುತ್ತುವ ಉಪಾಯ. ಗ್ರೀಸಿನ ಸಿಮೊನಿಡೀಸ್ ಅನ್ನುವ ಕವಿಯ ಕಥೆಯಿಂದ ಇದು ಶುರು. ಔತಣದ ಮನೆಯಿಂದ ಅವನು ಹೊರಗೆ ಬಂದಾಗ ಚಾವಣಿ ಕುಸಿದು ಒಳಗಿದ್ದವರೆಲ್ಲ ಸತ್ತರಂತೆ. ಗುರುತು ಸಿಗದ ಶವಗಳನ್ನು, ಯಾರು ಎಲ್ಲಿ ಕೂತಿದ್ದರು ಅನ್ನುವ ನೆನಪಿನಿಂದಲೇ ಅವನು ಗುರುತಿಸಿದನಂತೆ. ನಮ್ಮ ದೊಡ್ಡತ್ತೆಗೂ ಇದು ಬರುತ್ತಿತ್ತು. ಯಾವ ಮದುವೆಯ ಯಾವ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತು ಎಷ್ಟು ಹೋಳಿಗೆ ತಿಂದರು ಅಂತ ಹೇಳುತ್ತಿದ್ದಳು. ಚಾವಣಿ ಬೀಳುವ ಅಗತ್ಯವೂ ಇರಲಿಲ್ಲ. ನೆನಪಿಡಬೇಕಾದ್ದನ್ನು ಪರಿಚಿತ ಮನೆಯ ಒಂದೊಂದು ಜಾಗದಲ್ಲಿ ಇಟ್ಟು, ಆಮೇಲೆ ಮನಸ್ಸಿನಲ್ಲೇ ನಡೆಯುತ್ತಾ ಎತ್ತಿಕೊಳ್ಳುವುದು, ಇಷ್ಟೇ ವಿದ್ಯೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಾಮಾನ್ಯ ಜನರಿಗೆ ದಿನಕ್ಕೆ ಅರ್ಧ ಗಂಟೆಯಂತೆ 40 ದಿನ ಇದನ್ನು ಕಲಿಸಿದರು. 72 ಪದಗಳ ಪಟ್ಟಿಯಲ್ಲಿ ಮೊದಲು ಸರಾಸರಿ 26 ನೆನಪಿಡುತ್ತಿದ್ದವರು 62ಕ್ಕೆ ಏರಿದರು.

ನಾನೂ ಮಾಡಿ ನೋಡಿದೆ. ಈಗಿನ ಫ್ಲ್ಯಾಟ್ ಸರಿಹೋಗಲಿಲ್ಲ, ಇಡಲು ಮೂಲೆಗಳೇ ಇಲ್ಲ. ಊರಿನ ಹಳೆ ಮನೆಗೆ ಹೋದೆ. ಜಗಲಿಯ ಕಂಬಕ್ಕೆ ತೊಗರಿಬೇಳೆ ಸುರಿದೆ. ನಡುಮನೆಯ ತೊಟ್ಟಿಲಲ್ಲಿ ಹೂಕೋಸು ಮಲಗಿಸಿದೆ. ಬಚ್ಚಲ ಹಂಡೆಯಲ್ಲಿ ಬೆಲ್ಲ ಕುದಿಸಿದೆ. ಸಾರಿನ ಪುಡಿಯನ್ನು ಅಟ್ಟದ ಮೇಲಿಡಲು ಏಣಿ ಹತ್ತಿದೆ. ಮನಸ್ಸಿನಲ್ಲೇ. ಆಗ ನೋಡಿ, ಎರಡನೇ ಮೆಟ್ಟಿಲಿಂದ ಕಾಲು ತಾನಾಗೇ ನಾಲ್ಕನೆಯದಕ್ಕೆ ಹೋಯಿತು. ಮೂರನೆಯದು ಸಡಿಲವಾಗಿತ್ತು! ಅದನ್ನು ನಾನು ಎಷ್ಟು ವರ್ಷದಿಂದ ಮರೆತಿದ್ದೆನೋ. ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಕಾಲಿಗೆ ಗೊತ್ತಿತ್ತು. ಸಾರಿನ ಪುಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅಟ್ಟದ ಮೇಲೆ ಬೇರೆ ಏನೇನಿತ್ತು ಅಂತ ನೋಡುವ ಆಸೆಯಾಯಿತು. ಹುಣಸೆಹಣ್ಣಿನ ಭರಣಿ, ಮುರಿದ ರೇಡಿಯೊ, ತೆಂಗಿನಕಾಯಿ ರಾಶಿ.

ಅಂಗಡಿಯಲ್ಲಿ ಹನ್ನೊಂದು ಸಾಮಾನನ್ನೂ ಚೀಟಿಯಿಲ್ಲದೆ ಕೊಂಡೆ. ಗೆದ್ದೆ ಅಂದುಕೊಂಡೆ. ಮುಂದಿನ ವಾರ ಹೊಸ ಪಟ್ಟಿ ಹಿಡಿದು ಹೋದರೆ ಹಂಡೆಯಲ್ಲಿ ಇನ್ನೂ ಬೆಲ್ಲ ಕುದಿಯುತ್ತಿತ್ತು. ಮನೆಯಲ್ಲಿ ಡಬ್ಬಿ ತುಂಬ ಇದ್ದ ಬೆಲ್ಲವನ್ನೇ ಮತ್ತೆ ತಂದೆ. ಇದರಲ್ಲಿ ಪಳಗಿದವರು ಹತ್ತಾರು ಮನೆ ಇಟ್ಟುಕೊಂಡು, ಒಂದಾದ ಮೇಲೊಂದು ಬಳಸುತ್ತಾರಂತೆ. ನಮಗಿದ್ದದ್ದೇ ಒಂದು ಮನೆ. ಅದನ್ನೂ ಮಾರಿಯಾಗಿದೆ.

ಅಭ್ಯಾಸದಿಂದ ಒಂದು ಕಡೆ ಬೆಳೆದ ನೆನಪು ಎಲ್ಲ ಕಡೆಗೂ ಹರಡುತ್ತದೆ ಅನ್ನುವ ಹಾಗೂ ಇಲ್ಲ. 1981ರಲ್ಲಿ ಮಂಗಳೂರಿನಲ್ಲಿ ರಾಜನ್ ಮಹಾದೇವನ್ 'ಪೈ' ಸಂಖ್ಯೆಯ 31,811 ಅಂಕಿಗಳನ್ನು ಬಾಯಲ್ಲಿ ಹೇಳಿ ವಿಶ್ವದಾಖಲೆ ಮಾಡಿದರು. ಮುಂದೆ ಅಮೆರಿಕದ ಮನಶ್ಶಾಸ್ತ್ರಜ್ಞರು ಅವರನ್ನು ಪರೀಕ್ಷಿಸಿ 1992ರಲ್ಲಿ ಬರೆದರು: ಚಿತ್ರದಲ್ಲಿ ಯಾವ ವಸ್ತು ಎಲ್ಲಿತ್ತು ಅನ್ನುವಂಥ ವಿಷಯದಲ್ಲಿ ಅವರ ನೆನಪು ವಿಶೇಷವೇನಲ್ಲ. ಕನ್ನಡಕ ಹುಡುಕುವಾಗೆಲ್ಲ ಇದನ್ನು ನೆನೆದು ನಾನು ಸಮಾಧಾನ ಪಡುತ್ತೇನೆ. ಆ 31,811 ಮಾತ್ರ ನನ್ನಲ್ಲಿಲ್ಲ.

ನನ್ನ ರೋಗಕ್ಕೆ, ಅಂದರೆ ಹೊತ್ತಿಗೆ ಸರಿಯಾಗಿ ನೆನಪಾಗದ ರೋಗಕ್ಕೆ, ಅಮ್ಮನ ಹತ್ತಿರ ಒಂದು ಉಪಾಯವಿತ್ತು. ಎಣ್ಣೆ ತರಬೇಕಾದ ದಿನ ಖಾಲಿ ಕ್ಯಾನನ್ನು ಅಪ್ಪನ ಚಪ್ಪಲಿಯ ಮೇಲೆ ಇಡುತ್ತಿದ್ದಳು. ಅಪ್ಪ ಪೇಟೆಗೆ ಹೊರಡಬೇಕಾದರೆ ಅದನ್ನು ಎತ್ತಲೇಬೇಕು. ಹೊತ್ತೂ ಅಲ್ಲೇ, ವಿಷಯವೂ ಅಲ್ಲೇ. ಅಜ್ಜಿಯ ಗಂಟು 'ಏನೋ ಇದೆ' ಅನ್ನುತ್ತಿತ್ತು, ಅಮ್ಮನ ಕ್ಯಾನು 'ಎಣ್ಣೆ' ಅನ್ನುತ್ತಿತ್ತು. ಜರ್ಮನಿಯ ಮನಶ್ಶಾಸ್ತ್ರಜ್ಞ ಗೋಲ್‌ವಿಟ್ಜರ್ 1999ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದೇ: 'ಮಾಡಬೇಕು' ಅಂದುಕೊಳ್ಳಬೇಡಿ, 'ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ' ಅಂದುಕೊಳ್ಳಿ. ಆಗ ಕೆಲಸ ಆಗುವುದು ಜಾಸ್ತಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಫೋನಿನಲ್ಲಿ 'ಮರೀಬೇಡ' ಅಂತ ಗಂಟು ಹಾಕಿದ್ದೆ. ಅಜ್ಜಿಯ ರಕ್ತ.

ರಾತ್ರಿ ಮಗಳಿಗೆ ಐಸ್‌ಕ್ರೀಮ್ ತಂದುಕೊಟ್ಟೆ. ಅದೇ ಇದ್ದರೂ ಇರಬಹುದಲ್ಲ. ಮಲಗುವ ಮುಂಚೆ ಆ ಅಲಾರಂ ಅಳಿಸೋಣ ಅಂತ ಬೆರಳಿಟ್ಟೆ. ಕೈ ಬರಲಿಲ್ಲ. ನಾಳೆ ಸಂಜೆ ಆರೂವರೆಗೆ ಮತ್ತೆ ಇಟ್ಟು, ದೀಪ ಆರಿಸಿದೆ.